ಕೂಲೆಂಟ್ ಮಾಯ ಆಗ್ತಿದೆ: ಗ್ಯಾಸ್ಕೆಟ್ಟಾ, ಲೈನರ್ರಾ?

ಪ್ರಶ್ನೆ: ಡೀಸೆಲ್ ಗಾಡಿ, ವೆಟ್ ಲೈನರ್ ಎಂಜಿನ್ (ಪಿಸ್ಟನ್ ಓಡಾಡುವ ಕೊಳವೆಯೇ ಲೈನರ್, ಅದರ ಹೊರಮೈಗೆ ಕೂಲೆಂಟ್ ನೇರ ತಾಗುತ್ತೆ). ವಾರಕ್ಕೆ ಅರ್ಧ ಲೀಟರ್ ಕೂಲೆಂಟ್ ಕಮ್ಮಿ ಆಗುತ್ತಿದೆ. ಹೊರಗೆಲ್ಲೂ ಸೋರಿಕೆ ಇಲ್ಲ. ಹೆಡ್ (ಎಂಜಿನ್ ಮೇಲಿನ ಭಾಗ) ಬಿಚ್ಚಿಸುವ ಮುಂಚೆ ಏನು ನೋಡಬೇಕು?

ಹಳೇ ಪಿಸ್ಟನ್: ನನ್ನ ಗಾಡಿಯ ಬಾನೆಟ್ ಎತ್ತಿದ ಕೂಡಲೇ ಮೆಕ್ಯಾನಿಕ್ ‘ಹೆಡ್ ಗ್ಯಾಸ್ಕೆಟ್’ (ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲ್) ಹೋಗಿದೆ ಅಂದುಬಿಟ್ಟರು. ಗ್ಯಾಸ್ಕೆಟ್ಟು, ಹೆಡ್ ಫೇಸಿಂಗು, ಹೊಸ ಬೋಲ್ಟು, ಕೂಲೆಂಟು, ಆಯಿಲ್ಲು, ಫಿಲ್ಟರು. ಬಿಚ್ಚಿದ್ದೀವಲ್ಲ ಅಂತ ಟೈಮಿಂಗ್ ಬೆಲ್ಟ್ ಕೂಡ. ಹದಿನೆಂಟು ದಿನ ಗಾಡಿ ಇಲ್ಲ. ಮನೆಗೆ ತಂದ ಒಂಬತ್ತನೇ ದಿನ ಡಿಪ್‌ಸ್ಟಿಕ್ ಎಳೆದರೆ ಬೂದು ಬಣ್ಣದ ಗಂಜಿ, ಆಯಿಲ್‌ಗೆ ಕೂಲೆಂಟ್ ಬೆರೆತಿದೆ! ಇನ್ನೊಬ್ಬ ಮೆಕ್ಯಾನಿಕ್ ಆಯಿಲ್ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿ, ರೇಡಿಯೇಟರ್‌ಗೆ ಪಂಪಿನಿಂದ ಪ್ರೆಷರ್ ಕೊಟ್ಟು, ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ನೋಡಿದರೆ ಮೂರನೇ ಲೈನರ್ ಬುಡದಿಂದ ತೊಟ್ ತೊಟ್. ಬುಡದ ರಬ್ಬರ್ ಸೀಲ್, ಅಂದರೆ ಓ ರಿಂಗ್, ಹೋಗಿತ್ತು. ಮತ್ತೆ ಅದೇ ಗ್ಯಾಸ್ಕೆಟ್ಟು, ಅದೇ ಬೋಲ್ಟು, ಅದೇ ಆಯಿಲ್ಲು.

ಸ್ಪ್ಯಾನರ್ 17: ಹೆಡ್ ಎತ್ತಿದ ಮೇಲೆ ಕ್ರ್ಯಾಂಕ್ ತಿರುಗಿಸಿದ್ರಾ? ಲೈನರ್ ಹಿಡಿಯುವ ಕ್ಲ್ಯಾಂಪ್ ಇಲ್ಲದೆ ತಿರುಗಿಸಿದರೆ ಪಿಸ್ಟನ್ ಜೊತೆ ಲೈನರೂ ಮೇಲೇಳುತ್ತೆ, ಬುಡದ ಸೀಲ್ ಕೆಡುತ್ತೆ. ಮೊದಲು ಹೋಗಿದ್ದು ಗ್ಯಾಸ್ಕೆಟ್ಟೇ ಇರಬಹುದು. ಲೈನರ್ ಕೆಡಿಸಿದ್ದು ರಿಪೇರಿ.

ಹಳೇ ಪಿಸ್ಟನ್: ನೀವು ಅಲ್ಲಿದ್ರಾ? ಸುಮ್ನೆ ಊಹೆ ಬೇಡ.

ಸ್ಪ್ಯಾನರ್ 17: ಬಿಚ್ಚುವ ಮುಂಚೆ ಗಂಜಿ ಇತ್ತಾ, ಅಷ್ಟು ಹೇಳಿ.

ಹಳೇ ಪಿಸ್ಟನ್: ಇರಲಿಲ್ಲ. ಅದಕ್ಕೇನೀಗ?

ಬಿಸಿ ಹೋಸ್: ನನ್ನದು ಪೆಟ್ರೋಲ್. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ ಎರಡೇ ನಿಮಿಷಕ್ಕೆ ಮೇಲಿನ ಹೋಸ್ ಕಲ್ಲಿನಷ್ಟು ಗಟ್ಟಿ. ರೇಡಿಯೇಟರ್ ಬಾಯಿಗೆ ಟೆಸ್ಟರ್ (ಕೂಲೆಂಟ್‌ಗೆ ಸುಟ್ಟ ಗ್ಯಾಸ್ ಸೇರಿದ್ದರೆ ಬಣ್ಣ ಬದಲಿಸುವ ದ್ರವದ್ದು) ಇಟ್ಟರೆ ನೀಲಿ ದ್ರವ ಹಳದಿ ಆಯ್ತು. ನಾಲ್ಕು ಸಿಲಿಂಡರ್‌ಗಳ ಕಂಪ್ರೆಷನ್ (ಒಳಗಿನ ಒತ್ತಡ) 12, 7, 7, 12 ಬಾರ್. ಪಕ್ಕಪಕ್ಕದ ಎರಡು ಕಮ್ಮಿ ಅಂದರೆ ಮಧ್ಯದಲ್ಲಿ ಗ್ಯಾಸ್ಕೆಟ್ ಸುಟ್ಟಿದೆ ಅಂತ, ಬಿಚ್ಚುವ ಮುಂಚೆಯೇ ಹೇಳಿದ್ದೆ. ಹಾಗೇ ಇತ್ತು. ಟೆಸ್ಟರ್ ಇಲ್ಲದೆ ಹೆಡ್ ಮುಟ್ಟುವವರಿಗೆ ಏನು ಹೇಳೋದು.

ಸ್ಪ್ಯಾನರ್ 17: ಟೆಸ್ಟರ್ ಹಿಡಿಯೋದು ಗ್ಯಾಸ್, ಓ ರಿಂಗ್ ಅಲ್ಲ. ಬುಡದಲ್ಲಿ ಸೋರಿದರೆ ನಿಮ್ಮ ದ್ರವ ನೀಲಿಯಾಗೇ ಇರುತ್ತೆ. ರಾತ್ರಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡದೆ ಆಯಿಲ್ ಚೇಂಬರ್ ತಳದ ನಟ್ ನಿಧಾನಕ್ಕೆ ಸಡಿಲಿಸಿ. ನೀರಿದ್ದರೆ ಅದೇ ಮೊದಲು ಬರುತ್ತೆ.

ಬಿಸಿ ಹೋಸ್: ಲೈನರ್‌ನಲ್ಲೇ ತೂತು ಬಿದ್ದರೆ ಗ್ಯಾಸ್ ಬರಲ್ವಾ? ಬರೀ ನೀರು ಹಾಕಿ ಓಡಿಸಿದ ಡೀಸೆಲ್ ಲೈನರ್ ನೋಡಿದ್ದೀರಾ? ಹೊರಮೈ ಹುಳ ತಿಂದ ಹಾಗಿರುತ್ತೆ.

ಸ್ಪ್ಯಾನರ್ 17: ನೀವು ಬಿಚ್ಚಿದ್ದು ಒಂದು ಪೆಟ್ರೋಲ್ ಎಂಜಿನ್.

ಪ್ರಶ್ನೆ ಕೇಳಿದವರು: ಆಯಿಲ್ ಕ್ಲೀನಾಗಿದೆ, ಆಯಿಲ್ ಹಾಕುವ ಕ್ಯಾಪ್ ಒಳಗೆ ಮಾತ್ರ ಬಿಳಿ ಅಂಟು.

ಹಳೇ ಪಿಸ್ಟನ್: ಗಿಡ್ಡ ಓಡಾಟ ಜಾಸ್ತಿ ಇದ್ದರೆ ಅದು ಬರೀ ಹಬೆಯ ನೀರು. ನನಗೂ ಅದನ್ನೇ ತೋರಿಸಿ ಹೆಡ್ ಬಿಚ್ಚಿಸಿದ್ದು.