ಟ್ರಮಡಾಲ್ ಬಿಡೋಕೆ ತಮ್ಮ ಭೇದಿ ಗುಳಿಗೆ ನುಂಗ್ತಿದ್ದಾನೆ, ಇದರಿಂದ ಏನಾದರೂ ಆಗುತ್ತಾ?

ಗದಗಿನ ಅಕ್ಕ

ನನ್ನ ತಮ್ಮ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಲಾರಿಗೆ ಚೀಲ ಹೇರುವ ಕೆಲಸ ಮಾಡುತ್ತಾನೆ. ಎರಡು ವರ್ಷದ ಹಿಂದೆ ಸೊಂಟ ಹಿಡಿದಾಗ ಡಾಕ್ಟರು ಹತ್ತು ದಿನಕ್ಕೆ ಟ್ರಮಡಾಲ್ ಅನ್ನೋ ನೋವಿನ ಗುಳಿಗೆ ಬರೆದುಕೊಟ್ಟಿದ್ದರು. ಹತ್ತು ದಿನ ಮುಗಿದರೂ ಅವನು ಬಿಡಲಿಲ್ಲ. ಯಾವುದೋ ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತಿತ್ತಂತೆ, ಈಗ ಅವರೂ ಕೊಡಲ್ಲ ಅಂದುಬಿಟ್ಟಿದ್ದಾರೆ. ಕೆಲಸ ಬಿಟ್ಟು ಮನೆಗೆ ಬಂದು ಎಂಟು ದಿನ ಆಯಿತು. ಮೊದಲ ಎರಡು ಮೂರು ದಿನ ಅವನನ್ನು ನೋಡೋಕಾಗಲಿಲ್ಲ, ಒಂದೇ ಸಮ ಆಕಳಿಕೆ, ಮೂಗಲ್ಲಿ ಕಣ್ಣಲ್ಲಿ ನೀರು, ಮೈಮೇಲೆ ಮುಳ್ಳು, ಜುಲಾಬು ಬೇರೆ. ಆಮೇಲೆ ಇದ್ದಕ್ಕಿದ್ದಂತೆ ಆರಾಮಾದ. ನಿನ್ನೆ ಅಂಗಿ ಒಗೆಯೋಕೆ ತೆಗೆದರೆ ಜೇಬಿನ ತುಂಬ ಲೋಪೆರಮೈಡ್‌ನ ಖಾಲಿ ಪಟ್ಟಿಗಳು. "ಅಕ್ಕಾ, ಇದು ಭೇದಿ ಗುಳಿಗಿ, ಎಲ್ಲಾರ ಮನ್ಯಾಗೂ ಇರ್ತದ, ಇದನ್ನ ತಗೊಂಡ್ರ ಆ ತ್ರಾಸ ಆಗೂದಿಲ್ಲ, ಮೊಬೈಲ್‌ನ್ಯಾಗ ನೋಡೇನಿ" ಅಂತಾನೆ. ಇವತ್ತು ಬೆಳಿಗ್ಗೆ ಹಿತ್ತಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದ. ಅರ್ಧ ನಿಮಿಷಕ್ಕೆ ತಾನೇ ಎದ್ದು ಕೂತ. ಸರಿಯಾಗಿ ಉಂಡಿಲ್ಲ, ಅದಕ್ಕೆ ಅಂತ ಅವ್ವ ಹೇಳುತ್ತಾಳೆ. ಜೋರು ಮಾಡಿದರೆ ಮನೆ ಬಿಟ್ಟು ಹೋಗ್ತಾನೆ ಅಂತ ನನಗೆ ಹೆದರಿಕೆ.

ಗಿರ್ಮಿಟ್ ಪ್ರಿಯ

ಅಕ್ಕಾರೆ, ಇಷ್ಟಕ್ಕೆಲ್ಲ ಯಾಕೆ ಗಾಬರಿ? ನಾನು ಊರಿಗೆ ಹೋಗುವಾಗ ಯಾವಾಗಲೂ ಬ್ಯಾಗಲ್ಲಿ ಇಟ್ಟುಕೊಳ್ಳುತ್ತೇನೆ. ಭೇದಿ ಗುಳಿಗೆಯಿಂದ ಯಾರಿಗೆ ಏನಾಗುತ್ತೆ? ಎಳನೀರು ಕುಡಿಸಿ ಮಲಗಿಸಿ.

ಮೆಡಿಕಲ್ ಮಾಮಾ

ಬೇಡ, ಮಲಗಿಸಬೇಡಿ. ಅಕ್ಕಾ, ಇದನ್ನು ಓದೋದು ಆಮೇಲೆ, ಮೊದಲು ಅವನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ದಾರಿಯಲ್ಲಿ ಬಿದ್ದರೆ ಅಂತ ಅನಿಸಿದರೆ 108ಕ್ಕೆ ಫೋನ್ ಮಾಡಿ, ಬೈಕ್ ಮೇಲೆ ಕೂರಿಸಿಕೊಂಡು ಹೋಗಬೇಡಿ. ಆ ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿ ಜೊತೆಗೆ ಒಯ್ಯಿರಿ.

ಈಗ ಉಳಿದವರಿಗೆ ಹೇಳುತ್ತೇನೆ. ಹದಿನೆಂಟು ವರ್ಷದಿಂದ ಕೌಂಟರ್ ಹಿಂದೆ ನಿಂತಿದ್ದೇನೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಟ್ರಮಡಾಲ್ ಹಾಗೆ ಲೋಪೆರಮೈಡ್ ಕೂಡ ಅಫೀಮಿನ ಬಳಗದ್ದೇ. ಕರುಳಿನ ಓಟ ನಿಧಾನ ಮಾಡುತ್ತದೆ, ಅದಕ್ಕೇ ಭೇದಿ ನಿಲ್ಲೋದು. ಮಿದುಳಿನ ಬಾಗಿಲಲ್ಲಿ ಪಿ-ಗ್ಲೈಕೋಪ್ರೋಟೀನ್ ಅಂತ ಒಂದು ಪಂಪು ಇದೆ, ಒಳಗೆ ಬಂದದ್ದನ್ನು ಬಂದಹಾಗೇ ಆಚೆ ಹಾಕುತ್ತದೆ. ಅದಕ್ಕೇ ಸರಿಯಾದ ಪ್ರಮಾಣದಲ್ಲಿ ತಗೊಂಡರೆ ನಶೆ ಏರೋದಿಲ್ಲ. ಹೀಗೆ ಪಟ್ಟಿಗಟ್ಟಲೆ ನುಂಗುವವರು ಆ ಪಂಪನ್ನೇ ಸೋಲಿಸೋಕೆ ಹೋಗುತ್ತಾರೆ, ಅಷ್ಟರಲ್ಲಿ ಪೆಟ್ಟು ಬೀಳೋದು ಹೃದಯಕ್ಕೆ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಚಾರ್ಜ್ ಆಗಬೇಕಲ್ವಾ, ಅದಕ್ಕೆ ಬೇಕಾದ ಪೊಟ್ಯಾಸಿಯಂ ದಾರಿಯನ್ನು ಇದು ಮುಚ್ಚುತ್ತದೆ. ಬಡಿತದ ತಾಳ ತಪ್ಪಿ ಮನುಷ್ಯ ಕುಸಿಯುತ್ತಾನೆ. ತಾನಾಗೇ ತಾಳ ಸರಿಹೋದರೆ ಎದ್ದು ಕೂರುತ್ತಾನೆ, ಹೋಗದಿದ್ದರೆ ಇಲ್ಲ. ಅರ್ಧ ನಿಮಿಷ ಅಂತ ಓದಿದಾಗ ನನಗೆ ಹೆದರಿಕೆ ಆಗಿದ್ದು ಅದಕ್ಕೇ. ಜುಲಾಬಿನಲ್ಲಿ ಪೊಟ್ಯಾಸಿಯಂ ಮೊದಲೇ ಹರಿದುಹೋಗಿರುತ್ತದೆ, ಹಾಗಾಗಿ ಪೆಟ್ಟು ಇನ್ನೂ ಜಾಸ್ತಿ.

ಅಮೆರಿಕದಲ್ಲಿ ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2016ರಲ್ಲೇ ಎಚ್ಚರಿಕೆ ಕೊಟ್ಟಿತ್ತು. 1976ರಿಂದ 2015ರವರೆಗೆ ಅವರಿಗೆ ವರದಿಯಾದ ಗಂಭೀರ ಹೃದಯ ತೊಂದರೆ 48, ಅದರಲ್ಲಿ ಸತ್ತವರು 10 ಜನ. ಅರ್ಧಕ್ಕಿಂತ ಹೆಚ್ಚು ವರದಿ ಬಂದದ್ದು 2010ರ ಮೇಲೆ. ಅಲ್ಲಿ ಡಾಕ್ಟರ ಚೀಟಿ ಇಲ್ಲದೆ ದೊಡ್ಡವರಿಗೆ ದಿನಕ್ಕೆ 8 ಮಿಲಿಗ್ರಾಂ ಮಿತಿ, ಅಂದರೆ 2 ಮಿಲಿಗ್ರಾಂನ ನಾಲ್ಕು ಗುಳಿಗೆ. ಜೇಬು ತುಂಬ ಪಟ್ಟಿ ಅಂದರೆ ಲೆಕ್ಕ ನೀವೇ ಹಾಕಿ.

ಇನ್ನೊಂದು. ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ವಾಂತಿ ಅಂದರೆ ಸಾಮಾನ್ಯವಾಗಿ ಒಂಡಾನ್ಸೆಟ್ರಾನ್ ಸೂಜಿ ಹಾಕುತ್ತಾರೆ, ಅದೂ ಹೃದಯದ ಅದೇ ದಾರಿಗೆ ಅಡ್ಡ ಬರುವಂಥದ್ದು. ಮಾಮೂಲಿ ಮೂತ್ರ ಪರೀಕ್ಷೆಯಲ್ಲಿ ಲೋಪೆರಮೈಡ್ ಕಾಣಿಸೋದೂ ಇಲ್ಲ. ನೀವು ಹೇಳಿದರೆ ಮಾತ್ರ ಅವರಿಗೆ ಗೊತ್ತಾಗೋದು.

ಹಾವೇರಿ ಹುಡುಗ

ನಾನು ಈ ದಾರಿಯಲ್ಲೇ ಹೋಗಿ ಬಂದವನು, ಅದಕ್ಕೆ ಬರೆಯುತ್ತಿದ್ದೇನೆ. ಎರಡು ಸಲ ಬಿದ್ದೆ. ಮೊದಲ ಸಲ ಒಂದು ಕಡೆ ಒಯ್ದರು, ಏನು ತಗೊಂಡಿದ್ದೀಯ ಅಂತ ಕೇಳಿದರು, ಏನೂ ಇಲ್ಲ ಅಂದೆ. ಶುಗರ್ ನೋಡಿ ಸಲೈನ್ ಹಚ್ಚಿ ಕಳಿಸಿಬಿಟ್ಟರು. ತಪ್ಪು ನನ್ನದೂ ಇದೆ ಬಿಡಿ. ಎರಡನೇ ಸಲ ಬೇರೆ ಕಡೆ ಇಸಿಜಿ ತೆಗೆದವರು ಮನೆಗೇ ಬಿಡಲಿಲ್ಲ, ನಾಲ್ಕು ದಿನ ಮಾನಿಟರ್ ಹಚ್ಚಿ ಇಟ್ಟುಕೊಂಡರು. ಈ ಗುಳಿಗೆ ಮೈಯಿಂದ ಬೇಗ ಹೋಗೋದಿಲ್ಲ.

ಅಕ್ಕಾ, ಗುಳಿಗೆ ಕಸಿದುಕೊಂಡು ಕೋಣೆಯಲ್ಲಿ ಹಾಕಿ ಕೀಲಿ ಹಾಕಬೇಡಿ. ಇದನ್ನು ಒಮ್ಮೆಲೇ ನಿಲ್ಲಿಸಿದರೂ ಅದೇ ಮೈಕೈ ನೋವು, ಅದೇ ಆಕಳಿಕೆ ವಾಪಸ್ ಬರುತ್ತದೆ, ಆಗ ಅವನು ಮತ್ತೆ ಟ್ರಮಡಾಲ್ ಹುಡುಕಿಕೊಂಡು ಹೋಗುತ್ತಾನೆ. ಬಿಟ್ಟು ದಿನ ಕಳೆದ ಮೇಲೆ ಮೈಗೆ ಹಳೆಯ ತಡೆಯುವ ಶಕ್ತಿ ಇರೋದಿಲ್ಲ, ಹಳೇ ಲೆಕ್ಕದಲ್ಲಿ ನುಂಗಿದರೆ ಅದೇ ಜಾಸ್ತಿ ಆಗಿಬಿಡಬಹುದು. ಹೃದಯ ಒಂದು ಹದಕ್ಕೆ ಬಂದಮೇಲೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ನಮ್ಮಪ್ಪ "ಧಾರವಾಡಕ್ಕ ಒಯ್ದ್ರ ಊರಾಗ ಹುಚ್ಚ ಅಂತಾರ" ಅಂತ ಹದಿನೈದು ದಿನ ತಡ ಮಾಡಿದ. ಅಲ್ಲಿ ನನಗೆ ಈ ಚಟ ಬಿಡಿಸೋಕೆ ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್ ಗುಳಿಗೆ ಕೊಟ್ಟರು. ಎದುರಿಗೇ ಕೂರಿಸಿ ಕೊಡುತ್ತಿದ್ದರು, ಪ್ರಮಾಣ ಅವರೇ ನೋಡಿ ಹೆಚ್ಚು ಕಡಿಮೆ ಮಾಡುತ್ತಿದ್ದರು. ಮೂರನೇ ದಿನ ನಾನು ಹೊಟ್ಟೆ ತುಂಬ ಉಂಡೆ, ಅದು ಈಗಲೂ ನೆನಪಿದೆ. ಫೋನಲ್ಲಿ ಕೇಳಬೇಕು ಅಂದರೆ 14446 ನಶೆಮುಕ್ತಿ ಸಹಾಯವಾಣಿ, 14416 ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ಎರಡಕ್ಕೂ ದುಡ್ಡಿಲ್ಲ.

ಗಿರ್ಮಿಟ್ ಪ್ರಿಯ

ನನ್ನ ಮಾತು ವಾಪಸ್. ಗೊತ್ತಿಲ್ಲದೆ ಬರೆದೆ, ಕ್ಷಮಿಸಿ ಅಕ್ಕಾರೆ. ಆದರೆ ಹೋದ ವಾರ ಬಸ್ಸಲ್ಲಿ ನಾನೇ ಎರಡು ನುಂಗಿದ್ದೆನಲ್ಲ ಮಾಮಾ?

ಮೆಡಿಕಲ್ ಮಾಮಾ

ಎರಡಕ್ಕೆ ಏನೂ ಆಗೋದಿಲ್ಲ ಮಾರಾಯ. ಜ್ವರ ಇದ್ದರೆ, ಮಲದಲ್ಲಿ ರಕ್ತ ಬಿದ್ದರೆ ಮಾತ್ರ ತಗೋಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಕೊಡಲೇಬಾರದು. ಅಕ್ಕಾ, ಹೋದಿರಾ?

ಗದಗಿನ ಅಕ್ಕ

ಹೋಗಿ ಬಂದೆ. ಇಸಿಜಿ ನೋಡಿ ಡಾಕ್ಟರು ಈ ಗೆರೆಯಿಂದ ಆ ಗೆರೆಗೆ ದೂರ ಜಾಸ್ತಿ ಇದೆ ಅಂತ ಬೆರಳಿಟ್ಟು ತೋರಿಸಿದರು. ಪೊಟ್ಯಾಸಿಯಂ ಕಡಿಮೆ ಇದೆಯಂತೆ, ಡ್ರಿಪ್ ಹಾಕಿದ್ದಾರೆ, ಮಾನಿಟರ್ ಹಚ್ಚಿದ್ದಾರೆ. ಚೀಲದಿಂದ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದಾಗ ತಮ್ಮ ನನ್ನ ಮುಖ ನೋಡಿದ, ಆಮೇಲೆ ಎಲ್ಲಾ ಅವನೇ ಹೇಳಿದ. ಡಾಕ್ಟರು ಬೈಯಲಿಲ್ಲ. ಡಿಮ್ಹಾನ್ಸ್‌ಗೆ ಅವರೇ ಚೀಟಿ ಬರೆದುಕೊಡುತ್ತಾರಂತೆ. ಅವ್ವ ಮಾತ್ರ ಓಣಿಯವರಿಗೆಲ್ಲ ಕಾಮಾಲೆ ಅಂತ ಹೇಳಿಬಿಟ್ಟಿದ್ದಾಳೆ, ಸಂಜೆಯಿಂದ ಒಬ್ಬೊಬ್ಬರೇ ಗಿಡಮೂಲಿಕೆ ಹಿಡಿದುಕೊಂಡು ವಾರ್ಡಿಗೆ ಬರ್ತಿದ್ದಾರೆ, ಎಲ್ಲಾ ಇಸಿದುಕೊಂಡು ಮಂಚದ ಕೆಳಗೆ ಇಡುತ್ತಿದ್ದೇನೆ.