ಸಿಡೆರೋಫೋರ್‌ಗೆ ‘ಕಬ್ಬಿಣವಾಹಕ’ ಒಪ್ಪುತ್ತದೆಯೇ?

ಸಿಡೆರೋಫೋರ್ ಎಂದರೆ ಕಬ್ಬಿಣ ಹಿಡಿದು ತರಲು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಹೊರಬಿಡುವ ಸಣ್ಣ ಅಣು. ಅದಕ್ಕೊಂದು ಕನ್ನಡ ಹೆಸರು ಬೇಕು. ಗ್ರೀಕಿನ ‘ಸಿಡೆರೋಸ್’ ಎಂದರೆ ಕಬ್ಬಿಣ, ‘ಫೋರ್’ ಎಂದರೆ ಹೊರುವಂಥದ್ದು. ಪದ ಬಿಡಿಸಿದರೆ ‘ಕಬ್ಬಿಣವಾಹಕ’ ಸರಿಯೇ. ತೊಡಕು ಏನೆಂದರೆ, ನಮ್ಮ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಬೇರೆಯೇ ಇದೆ: ಟ್ರಾನ್ಸ್‌ಫೆರಿನ್. ಇದರ ಒಂದು ಅಣುವಿನಲ್ಲಿ ಎರಡು ಕಬ್ಬಿಣದ ಅಯಾನುಗಳಿಗೆ ಜಾಗ. ಆರೋಗ್ಯವಂತರಲ್ಲಿ ಒಟ್ಟು ಜಾಗದ ಸುಮಾರು ಮೂರನೇ ಒಂದು ಪಾಲು ಮಾತ್ರ ತುಂಬಿರುತ್ತದೆ. ಖಾಲಿ ಜಾಗ ಅಷ್ಟಿರುವುದರಿಂದಲೇ ಬಿಡಿ ಕಬ್ಬಿಣ ಬ್ಯಾಕ್ಟೀರಿಯಾದ ಕೈಗೆ ಸಿಗುವುದಿಲ್ಲ. ‘ವಾಹಕ’ ಇದಕ್ಕೇ ಇರಲಿ.

ಸಿಡೆರೋಫೋರ್ ಹೊರುವುದಕ್ಕೆ ಮೊದಲು ಕಿತ್ತುಕೊಳ್ಳುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾ ಹೊರಬಿಡುವ ಎಂಟರೋಬ್ಯಾಕ್ಟಿನ್ ಎಂಬ ಸಿಡೆರೋಫೋರ್‌ಗೆ ಮೂರು ತೋಳು, ತೋಳಿಗೆ ಎರಡು ಆಮ್ಲಜನಕ ಪರಮಾಣು. ಆರೂ ಸೇರಿ ಒಂದೇ ಕಬ್ಬಿಣದ ಅಯಾನನ್ನು ಅಪ್ಪಿ ಹಿಡಿಯುತ್ತವೆ, ಟ್ರಾನ್ಸ್‌ಫೆರಿನ್ ಬಳಿ ಇರುವುದನ್ನೂ ಬಿಡುವುದಿಲ್ಲ. ಎದುರಾಗಿ ನಮ್ಮ ಬಿಳಿ ರಕ್ತಕಣಗಳು ಲಿಪೋಕ್ಯಾಲಿನ್-2 ಎಂಬ ಪ್ರೋಟೀನು ಬಿಟ್ಟು ಎಂಟರೋಬ್ಯಾಕ್ಟಿನ್ನನ್ನೇ ಸೆರೆಹಿಡಿಯುತ್ತವೆ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ತನ್ನ ಎಂಟರೋಬ್ಯಾಕ್ಟಿನ್‌ಗೆ ಗ್ಲೂಕೋಸ್ ಅಂಟಿಸಿ ಆ ಸೆರೆಗೆ ಸಿಗದಂತೆ ಮಾಡಿಕೊಂಡಿದೆ.

ಹಾಗಾದರೆ ಬೇರೆ ಯಾವ ಹೆಸರು? ‘ಕಬ್ಬಿಣಗೊಕ್ಕೆ’ ಎಂದರೆ ಕಬ್ಬಿಣದಿಂದ ಮಾಡಿದ ಕೊಕ್ಕೆಯೆಂದೇ ಓದುಗರು ತಿಳಿಯುತ್ತಾರೆ. ‘ಅಯೋಗ್ರಾಹಿ’ (‘ಅಯಸ್’ ಎಂದರೆ ಕಬ್ಬಿಣ) ಶುದ್ಧ ಸಂಸ್ಕೃತ, ಆದರೆ ಕಿವಿಗೆ ಮೊದಲು ಬೀಳುವುದು ‘ಅಯೋಗ್ಯ’. ‘ಕಬ್ಬಿಣಗಳ್ಳ’ ಚೆಂದ, ಆದರೂ ಬೇಡ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ರೋಗಿಗಳ ಮೈಯಲ್ಲಿ ಹೆಚ್ಚಾದ ಕಬ್ಬಿಣ ತೆಗೆಯಲು ಕೊಡುವ ಡೆಫೆರಾಕ್ಸಮೀನ್ ಕೂಡ ಸಿಡೆರೋಫೋರೇ, ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾದಿಂದ ಬಂದದ್ದು. ಔಷಧವನ್ನು ಕಳ್ಳ ಎನ್ನಲಾಗದು. (ಯೆರ್ಸಿನಿಯಾ ಎಂಬ ಬ್ಯಾಕ್ಟೀರಿಯಾ ಮಾತ್ರ ಆ ಔಷಧ ಹಿಡಿದ ಕಬ್ಬಿಣವನ್ನೇ ಬಳಸಿಕೊಂಡು ಬೆಳೆಯುತ್ತದೆ, ಅದಕ್ಕೇ ಈ ರೋಗಿಗಳಿಗೆ ಜ್ವರ, ಹೊಟ್ಟೆನೋವು ಬಂದರೆ ವೈದ್ಯರು ಔಷಧ ನಿಲ್ಲಿಸಿ ಪರೀಕ್ಷಿಸುತ್ತಾರೆ.) ನನ್ನ ಮತ ‘ಕಬ್ಬಿಣಗ್ರಾಹಿ’ಗೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಅರಿಸಮಾಸ ಎಂಬ ಆಕ್ಷೇಪ ಬಂದೀತು. ‘ಮಳೆಗಾಲ’ವನ್ನು ಒಪ್ಪಿದವರು ಇದನ್ನೂ ಒಪ್ಪಬಹುದು.

ಇನ್ನು, ಆರೋಗ್ಯ ಲೇಖನಗಳಲ್ಲಿ ನುಸುಳುವ ‘ಪೋಷಕಾಂಶ ಪ್ರತಿರಕ್ಷೆ’ (ಇಂಗ್ಲಿಷಿನ ‘ನ್ಯೂಟ್ರಿಷನಲ್ ಇಮ್ಯುನಿಟಿ’ಯ ಪದಶಃ ಅನುವಾದ) ನಿಜಕ್ಕೂ ಅಪಾಯಕಾರಿ. ಚೆನ್ನಾಗಿ ತಿಂದರೆ ರೋಗ ಬರದು ಎಂಬ ಅರ್ಥ ಅದರಿಂದ ಹೊರಡುತ್ತದೆ. ನಡೆಯುವುದೇ ಬೇರೆ: ಸೋಂಕು ತಗುಲಿದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಸುರಿಸುತ್ತದೆ, ಜೀವಕೋಶಗಳಿಂದ ಕಬ್ಬಿಣ ಹೊರಬರುವ ಬಾಗಿಲಾದ ಫೆರೋಪೋರ್ಟಿನ್ ಮುಚ್ಚುತ್ತದೆ, ಕಬ್ಬಿಣ ಒಳಗೇ ಉಳಿಯುತ್ತದೆ. ಇದು ‘ಕಬ್ಬಿಣದ ಬಚ್ಚಿಡುವಿಕೆ’. ಜ್ವರದಲ್ಲಿ ತೆಗೆಸಿದ ರಕ್ತಪರೀಕ್ಷೆಯಲ್ಲಿ ಸೀರಮ್ ಕಬ್ಬಿಣ (ರಕ್ತದ್ರವದಲ್ಲಿರುವ ಕಬ್ಬಿಣ) ಇಳಿದು, ಕಬ್ಬಿಣ ಕೂಡಿಡುವ ಪ್ರೋಟೀನಾದ ಫೆರಿಟಿನ್ ಏರಿದ್ದರೆ, ಸೀರಮ್ ಅಂಕಿಯೊಂದನ್ನೇ ನೋಡಿ ‘ಕಬ್ಬಿಣದ ಕೊರತೆ’ ಎಂದು ಅನುವಾದಿಸಬೇಡಿ. ಹಾಗೆ ಬರೆದರೆ ಓದಿದವರು ಮಾತ್ರೆ ನುಂಗುತ್ತಾರೆ.