ಸಹಾಯ ಬೇಕು: ಲೈಬ್ರರಿಯಲ್ಲಿ ಮಕ್ಕಳ ಮಳೆಮಾಪಕ

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರಾಥಮಿಕ ಶಾಲೆಯ ಲೈಬ್ರರಿಯಲ್ಲಿ ಐದನೇ ಕ್ಲಾಸಿನ ಮಕ್ಕಳು ಮಳೆಮಾಪಕ ಮಾಡುತ್ತಿದ್ದಾರೆ. 2 ಲೀಟರ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಇಟ್ಟಿದ್ದಾರೆ. ತಳ ಸಮವಾಗಿಲ್ಲ. ಹಾಗಾಗಿ ನೇರ ಭಾಗದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಿದ್ದಾರೆ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ 1 ಲೀಟರ್ ನೀರು. ಇದು ಗೊತ್ತಾಗಿದ್ದೇ ತಡ, 'ನಮ್ಮ ಶಾಲೆ ಮಾಳಿಗೆ ಮೇಲೆ ಎಷ್ಟು ಬೀಳುತ್ತೆ?' ಅಂತ ಟೇಪು ಹಿಡಿದು ಹೊರಟಿದ್ದಾರೆ! ಪ್ರಶ್ನೆ ಅವರಿಂದಲೇ ಬರಬೇಕು, ಅಲ್ವಾ?

ಮಳೆ, ಮೋಡ, ಮಳೆನಕ್ಷತ್ರಗಳ ಬಗ್ಗೆ ಮಕ್ಕಳು ತಾವೇ ಓದಬಲ್ಲ ಕನ್ನಡ ಪುಸ್ತಕ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿಗಳನ್ನು ಕ್ಲಾಸಿನಲ್ಲಿ ಬಳಸಿದ ಮೇಷ್ಟ್ರು, ಮೇಡಂ ಯಾರಾದರೂ ಇದ್ದರೆ ಹೇಗೆ ಅಂತ ಬರೆಯಿರಿ.